ಕೆಂಪು ಸೂರ್ಯ ಆರುವವರೆಗೆ

“ಬಟಾಣೀ! ಏ ಬಟಾಣೀ! ಎಲ್ಲಿದ್ದೀಯೋ?”

ಅಮ್ಮ ಅಷ್ಟರಲ್ಲಿ ನಾಲ್ಕು ಸಲ ಕೂಗಿಯಾಗಿತ್ತು. ಲಾಂಡ್ರಿಯೊಳಗೆ ದೊಡ್ಡ ವಾಷಿಂಗ್ ಮಿಷಿನ್‌ಗಳು ಗಡಗಡ ತಿರುಗುತ್ತಿದ್ದವು. ಯಾರೂ ಓಗೊಡಲಿಲ್ಲ.

ಆಗಷ್ಟೇ ಬಾಗಿಲೊಳಗೆ ಕಾಲಿಟ್ಟಿದ್ದ ಅಕ್ಕ ಅಲ್ಲೇ ನಿಂತುಬಿಟ್ಟಳು. ಅವಳಿಗೆ ಹತ್ತು ವರ್ಷ. ಬಟಾಣಿ ಅವಳ ತಮ್ಮ, ಐದು ವರ್ಷದವನು. ಗುಂಡಗಿದ್ದಾನೆ ಅಂತ ಆ ಹೆಸರು. ಅವನಿಗೆ ಅವಳು ಅಕ್ಕ, ನಮಗೂ ಅಕ್ಕನೇ ಆಗಲಿ. ಕ್ಲಾಸಿನಲ್ಲಿ ಮಾತ್ರ ಅವಳನ್ನು ಎಲ್ಲರೂ ‘ಮ್ಯೂಟ್’ ಎನ್ನುತ್ತಿದ್ದರು. ಟೀಚರ್ ಪ್ರಶ್ನೆ ಕೇಳಿದರೆ ಅವಳ ಉತ್ತರ ಗಂಟಲು ದಾಟಿ ಬರುತ್ತಲೇ ಇರಲಿಲ್ಲ.

“ಬಟಾಣಿ ನಿನ್ ಜೊತೆ ಇರ್ಲಿಲ್ವಾ?” ಅಮ್ಮ ಕೇಳಿದಳು.

“ಇಲ್ಲ.”

“ಎಲ್ಲಿಗೆ ಹೋದ ಅಂತ ಗೊತ್ತಾ?”

“ಗೊತ್ತಿಲ್ಲಮ್ಮ.”

ಹೇಳಿದ್ದು ಸುಳ್ಳು. ಬಟಾಣಿ ಎಲ್ಲಿರಬೇಕು ಎಂಬುದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅವನನ್ನು ಅಲ್ಲಿ ಬಿಟ್ಟುಬಂದವಳೇ ಅವಳು. “ಕಾವಲು ಕಾಯ್ತಾ ಇರು, ಐದು ನಿಮಿಷದಲ್ಲಿ ಬಂದೆ” ಎಂದು ಹೇಳಿ ಪಕ್ಕದ ಸೈಕಲ್ ಅಂಗಡಿಗೆ ಬೆಕ್ಕಿನ ಮರಿ ನೋಡಲು ಹೋಗಿದ್ದಳು. ಮರಿಗಳು ನಾಲ್ಕಿದ್ದವು. ಐದು ನಿಮಿಷ ಒಂದು ಗಂಟೆಯಾಗಿತ್ತು.

ಆದರೆ ಅದನ್ನು ಹೇಳುವುದು ಹೇಗೆ? ಅವನನ್ನು ಬಿಟ್ಟಿದ್ದು ದೊಡ್ಡ ಇಸ್ತ್ರಿ ಪ್ರೆಸ್ಸಿನ ಹಿಂದೆ. ಅಲ್ಲಿ ಬಿಸಿ ಪೈಪುಗಳಿವೆ, ಮಕ್ಕಳು ಆ ಕಡೆ ತಲೆ ಹಾಕಬಾರದು ಎಂದು ಅಪ್ಪ ನೂರು ಸಲ ಹೇಳಿದ್ದರು. ಅಪ್ಪನಿಗೆ ಗೊತ್ತಾದರೆ ಗ್ರಹಚಾರ ಬಿಡಿಸುತ್ತಾರೆ.

ಆ ಪ್ರೆಸ್ಸಿನ ಹಿಂದೆ ಒಂದು ಲೋಕ ಇತ್ತು. ಅಕ್ಕನೇ ಮಾಡಿದ್ದು.

ಅಮ್ಮನ ಫೋನಿನಲ್ಲೊಂದು ಗೇಮ್ ಇತ್ತು. ಅದರಲ್ಲಿ ಏಳು ಗ್ರಹಗಳನ್ನು ಆಳುವ ಒಬ್ಬಳು ಮಹಾರಾಣಿ. ಏಳು ಗ್ರಹಗಳಿದ್ದರೂ ಅವಳಿಗೆ ಸಮಾಧಾನವಿಲ್ಲ. ಯಾವ ನಕ್ಷೆಯಲ್ಲೂ ಇರದ, ಯಾರೂ ಎದುರು ಮಾತಾಡದ, ತನ್ನದೇ ಆದ ಒಂದು ಲೋಕ ಬೇಕು ಅವಳಿಗೆ. ಅದಕ್ಕಾಗಿ ಯಂತ್ರದ ಬಲೆ ಬೀಸಿ, ಸಾಯುತ್ತಿರುವ ಒಬ್ಬ ಸೂರ್ಯನನ್ನು ಹಿಡಿದು ತರುತ್ತಾಳೆ. ಅವನ ಬೂದಿಯಿಂದ ಸುತ್ತಲೂ ಗಡಿ ಎಳೆಯುತ್ತಾಳೆ. ಗಡಿಯೊಳಗೆ ನಿಂತು ಶಾಸನಗಳನ್ನು ಗಟ್ಟಿಯಾಗಿ ಓದುತ್ತಾಳೆ. ಅಷ್ಟೇ, ಲೋಕ ಸಿದ್ಧ. ಆ ಸೂರ್ಯ ಉರಿಯುವವರೆಗೆ ಶಾಸನವನ್ನು ಯಾರೂ ಮೀರುವಂತಿಲ್ಲ, ಬದಲಿಸುವಂತಿಲ್ಲ. ಮಹಾರಾಣಿಯೂ ಅಷ್ಟೇ. ಗೇಮಿನ ಕತೆ ಅಲ್ಲಿಗೆ ನಿಂತು ಶಾಂಪೂ ಜಾಹೀರಾತು ಬರುತ್ತಿತ್ತು. ಮುಂದಿನದನ್ನೆಲ್ಲ ಅಕ್ಕ ತಾನೇ ಕಟ್ಟಿಕೊಂಡಿದ್ದಳು.

ಅಕ್ಕನ ಸೂರ್ಯ ಎಂದರೆ ಪ್ರೆಸ್ಸಿನ ಮೇಲಿನ ಗೋಡೆಯಲ್ಲಿದ್ದ ಕೆಂಪು ದೀಪ. ಲಾಂಡ್ರಿಯಲ್ಲಿ ಕರೆಂಟ್ ಇರುವಷ್ಟು ಹೊತ್ತೂ ಅದು ಉರಿಯುತ್ತಿತ್ತು. ಬೂದಿ ಎಂದರೆ ಸೋಪಿನ ಪುಡಿ. ಕಿರೀಟವನ್ನು ಹ್ಯಾಂಗರಿನ ತಂತಿ ಬಾಗಿಸಿ ಮಾಡಿದ್ದಳು. ಸಂಜೆ ಆರಕ್ಕೆ ಅಪ್ಪ ಮೇನ್ ಸ್ವಿಚ್ ಇಳಿಸಿದಾಗ ದೀಪ ಹೋಗುತ್ತಿತ್ತು. “ಸೂರ್ಯ ಆರಿದ!” ಎಂದು ಕಿರುಚುತ್ತ ಬಟಾಣಿ ಗಡಿ ಹಾರಿ ಓಡಿಬರುತ್ತಿದ್ದ. ದಿನವೂ ಆಟ ಮುಗಿಯುತ್ತಿದ್ದದ್ದು ಹಾಗೆ.

ಶಾಸನಗಳು ಎರಡೇ. ಹೊರಗಿನವರು ಗಡಿಯೊಳಗೆ ಕಾಲಿಟ್ಟರೆ ಕಾವಲುಗಾರ ಯಾರ ಕಣ್ಣಿಗೂ ಬೀಳದಂತೆ ಅಡಗಬೇಕು. ಮತ್ತೆ, ಸೂರ್ಯ ಆರುವವರೆಗೆ ಯಾರು ಕರೆದರೂ ಓಗೊಡಬಾರದು.

“ಅಮ್ಮ ಕರೆದ್ರೆ?” ಬಟಾಣಿ ಕೇಳಿದ್ದ.

“ಅದು ಅಮ್ಮ ಅಲ್ಲ, ದನಿಗಳ್ಳರು. ಅವ್ರು ಯಾರ ದನಿ ಬೇಕಾದ್ರೂ ಕದೀತಾರೆ.”

“ನೀನ್ ಕರೆದ್ರೆ?”

ಅಕ್ಕ ಒಂದು ಕ್ಷಣ ಯೋಚಿಸಿದ್ದಳು. “ನಾನ್ ಕರೆದ್ರೂ ಅಷ್ಟೇ. ಅಳ್ತಾ ಕರೆದ್ರೂ ಅಷ್ಟೇ.”

ಬಟಾಣಿ ಕಣ್ಣರಳಿಸಿ ಉಗುಳು ನುಂಗಿದ್ದ. ಶಾಲೆಯಲ್ಲಿ ಅಕ್ಕನ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಇಲ್ಲಿ ಒಬ್ಬ ಅವಳ ಮಾತಿಗೆ ಹೆದರುತ್ತಿದ್ದ. ಅವಳಿಗೆ ಅದು ತುಂಬಾ ಹಿಡಿಸಿತ್ತು.

ಈಗ ಅಕ್ಕ ಅಮ್ಮನ ಕಣ್ಣು ತಪ್ಪಿಸಿ ಪ್ರೆಸ್ಸಿನ ಹಿಂದಕ್ಕೆ ನುಸುಳಿದಳು. ನೋಡಿದರೆ ಅವಳ ಲೋಕ ಗುರುತೇ ಸಿಗದಂತಾಗಿತ್ತು. ಗೋಡೆಗೆ ಒರಗಿಸಿಟ್ಟಿದ್ದ ತೊಳೆದ ಬಟ್ಟೆಯ ಮೂಟೆಗಳು ಒಂದೂ ಇರಲಿಲ್ಲ. ಅಲ್ಲಿ ಕೊಳೆ ಬಟ್ಟೆಯ ಹೊಸ ಮೂಟೆಗಳು ಎದೆಯೆತ್ತರ ಬಿದ್ದಿದ್ದವು. ಸೋಪಿನ ಪುಡಿಯ ಗಡಿಯ ಮೇಲೆ ಒಂದು ದೊಡ್ಡ ಬೂಟಿನ ಗುರುತು. ಅದರ ಪಕ್ಕದಲ್ಲಿ ಬಟಾಣಿಯ ಒಂದು ಚಪ್ಪಲಿ.

“ಬಟಾಣಿ,” ಅವಳು ಪಿಸುಗುಟ್ಟಿದಳು. “ನಾನು ಕಣೋ. ಬಾರೋ.”

ಉತ್ತರವಿಲ್ಲ. ಗೋಡೆಯ ಮೇಲೆ ಕೆಂಪು ದೀಪ ಉರಿಯುತ್ತಲೇ ಇತ್ತು.

ಅಕ್ಕ ಹೊರಗೆ ಬರುವ ಹೊತ್ತಿಗೆ ಎಲ್ಲರೂ ಸೇರಿದ್ದರು. ಅಪ್ಪ ಬೀದಿಯ ತುದಿಯವರೆಗೆ ಓಡಿಹೋಗಿ ಬಂದಿದ್ದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮೂಟೆ ಹೊರುವ, ದೊಡ್ಡ ಬೂಟಿನ ಮೂಟೆ ಮಾಮ ತಲೆ ಕೆರೆದುಕೊಳ್ಳುತ್ತ ನಿಂತಿದ್ದ.

“ಹೋಟೆಲ್ ವ್ಯಾನ್ ಹೋಗಿ ಅರ್ಧ ಗಂಟೆ ಆಯ್ತು,” ಮಾಮ ಹೇಳಿದ. “ಕೊಳೆ ಮೂಟೆ ಇಳಿಸ್ಕೊಂಡು, ತೊಳೆದಿದ್ದು ಇಪ್ಪತ್ತು ಮೂಟೆ ಹಾಕಿ ಕಳಿಸ್ದೆ. ಮಗು ಏನಾದ್ರೂ ಮೂಟೆ ಮಧ್ಯ ಹತ್ಕೊಂಡಿದ್ರೆ…”

“ಫೋನ್ ಮಾಡು ಡ್ರೈವರ್‌ಗೆ!” ಅಪ್ಪ ಕೂಗಿದರು. ಮಾಮ ಮಾಡಿದ. ಡ್ರೈವರ್ ಎತ್ತಲಿಲ್ಲ.

ಆಗ ಅಮ್ಮ ತಿರುಗಿ ಮಿಷಿನ್‌ಗಳ ಕಡೆ ನೋಡಿದಳು. ಸಾಲಾಗಿ ನಾಲ್ಕು ದುಂಡು ಗಾಜಿನ ಬಾಗಿಲುಗಳು. ಒಳಗೆ ನೊರೆ, ನೊರೆಯಲ್ಲಿ ಬಿಳಿ ಚಾದರಗಳು ಉರುಳುತ್ತಿದ್ದವು. ಬಟಾಣಿಗೆ ಆ ಬಾಗಿಲುಗಳೆಂದರೆ ಬಲು ಇಷ್ಟ, ಅವು ರಾಕೆಟ್ಟಿನ ಕಿಟಕಿ ಎನ್ನುತ್ತಿದ್ದ.

ಅಮ್ಮ ಬೆರಳು ತೋರಿಸಿದಳು. ಅಪ್ಪನ ಮುಖ ಸುಣ್ಣದಂತೆ ಬಿಳುಚಿತು. ಅವರು ಓಡಿಹೋಗಿ ನಾಲ್ಕು ಮಿಷಿನ್‌ಗಳ ಬಟನ್ನನ್ನೂ ಒತ್ತಿದರು. ಮಿಷಿನ್‌ಗಳು ನಿಂತವು. ಆದರೆ ನೀರು ಪೂರ್ತಿ ಇಳಿಯುವವರೆಗೆ ಬಾಗಿಲು ತೆರೆಯುವುದಿಲ್ಲ. ಡ್ರೈಯರ್ ಮತ್ತು ಬಾಯ್ಲರ್ ಇನ್ನೂ ಭೋರ್ಗರೆಯುತ್ತಿದ್ದವು. ಅಮ್ಮ ಎರಡನೇ ಮಿಷಿನ್ನಿನ ಗಾಜಿಗೆ ಮುಖ ಒತ್ತಿ ಕೂತಳು. ನೊರೆ ನಿಧಾನಕ್ಕೆ ಕೆಳಗಿಳಿಯಿತು. ಬಿಳಿ ಬಟ್ಟೆಯ ಒಂದು ಮುದ್ದೆ ಗಾಜಿಗೆ ಬಂದು ಒರಗಿತು. ಗುಂಡಗಿನ ಮುದ್ದೆ.

 ಅಕ್ಕ ಗೋಡೆ ಹಿಡಿದುಕೊಂಡಳು.

ಟಕ್ ಎಂದು ಬಾಗಿಲು ತೆರೆಯಿತು. ಅಪ್ಪ ಎರಡೂ ಕೈ ಹಾಕಿ ಬಟ್ಟೆಯನ್ನು ನೆಲಕ್ಕೆ ಎಳೆದರು. ಚಾದರ, ಚಾದರ, ದಿಂಬಿನ ಕವರು. ಮತ್ತೇನೂ ಇಲ್ಲ. ಮೂರನೆಯದರಲ್ಲೂ ಇಲ್ಲ. ನಾಲ್ಕೂ ಮಿಷಿನ್‌ಗಳಲ್ಲಿ ಅವನಿಲ್ಲ.

“ಬಟಾಣೀ! ನನ್ ಕಂದಾ! ಎಲ್ಲಿದ್ರೂ ಒಂದ್ಸಲ ಓ ಅನ್ನೋ!” ಅಮ್ಮ ಅಳುತ್ತಾ ಕೂಗಿದಳು.

ಅಳ್ತಾ ಕರೆದ್ರೂ ಅಷ್ಟೇ. ಅಕ್ಕನಿಗೆ ತನ್ನದೇ ಮಾತು ನೆನಪಾಯಿತು. ಬಟಾಣಿ ಇಲ್ಲೇ ಎಲ್ಲೋ ಇದ್ದರೆ ಅವನಿಗೆ ಈ ಕೂಗು ಕೇಳಿಸುತ್ತಿರುತ್ತದೆ. ಅಮ್ಮ ಎಷ್ಟು ಅತ್ತರೂ ಅವನು ಬಾಯಿ ಬಿಡುವುದಿಲ್ಲ. ತಾನು ಕರೆದರೂ ಬರುವುದಿಲ್ಲ. ದೀಪ ಆರಲು ಇನ್ನೂ ಮುಕ್ಕಾಲು ಗಂಟೆ ಇದೆ. ಪ್ರೆಸ್ಸಿನ ಹಿಂದಿನ ಆ ಮೂಟೆಗಳ ಕೆಳಗೇ ಇದ್ದರೆ, ಮುಕ್ಕಾಲು ಗಂಟೆ…

“ಅಪ್ಪಾ,” ಅವಳೆಂದಳು. “ಮೇನ್ ಸ್ವಿಚ್ ಆಫ್ ಮಾಡಿ.”

ಯಾರಿಗೂ ಕೇಳಿಸಲಿಲ್ಲ. ಅಪ್ಪ ಮತ್ತೆ ಬೀದಿಗೆ ಓಡಲು ಹೊರಟಿದ್ದರು.

“ಅಪ್ಪಾ!”

ಈ ಸಲದ ಕೂಗು ಎಲ್ಲಿಂದ ಬಂತೋ ಅಕ್ಕನಿಗೇ ತಿಳಿಯಲಿಲ್ಲ. ಮೂಟೆ ಮಾಮ ಬೆಚ್ಚಿಬಿದ್ದ. ಅಪ್ಪ ತಿರುಗಿ ನಿಂತರು.

“ಸ್ವಿಚ್ ಆಫ್ ಮಾಡಿ ಅಪ್ಪಾ! ಅವ್ನು ಪ್ರೆಸ್ ಹಿಂದೆ ಇದ್ದ. ನಾನೇ ಬಿಟ್ಟು ಹೋಗಿದ್ದೆ. ಅದು ನನ್ನ ಲೋಕ, ನಾನು ಮಹಾರಾಣಿ. ಆ ಕೆಂಪು ದೀಪ ಸೂರ್ಯ. ಅದು ಆರೋವರೆಗೂ ಯಾರ್ ಕರೆದ್ರೂ ಓ ಅನ್ಬಾರ್ದು ಅಂತ ನಾನೇ ಹೇಳಿದ್ದೆ. ಅದಕ್ಕೇ ಅವ್ನು… ಅದಕ್ಕೇ…” ಮುಂದಿನದು ಅಳುವಿನಲ್ಲಿ ಕೊಚ್ಚಿಹೋಯಿತು.

ಮೂಟೆ ಮಾಮ ಬಾಯಿ ತೆರೆದು ನೋಡುತ್ತಿದ್ದ. “ಏನ್ ಸೂರ್ಯ? ಯಾವ ರಾಣಿ? ಈ ಹೊತ್ತಲ್ಲಿ ಆಟಾನಾ?” ಎಂದ.

ಅಪ್ಪ ನಗಲಿಲ್ಲ, ಬೈಯಲಿಲ್ಲ. ಒಂದು ಕ್ಷಣ ಅಕ್ಕನ ಮುಖ ನೋಡಿದರು. ಆಮೇಲೆ ಮೂರು ಹೆಜ್ಜೆಯಲ್ಲಿ ಗೋಡೆ ತಲುಪಿ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆಳೆದರು.

ಕೆಂಪು ದೀಪ ಆರಿತು. ಟ್ಯೂಬ್‌ಲೈಟುಗಳು ಹೋದವು. ಡ್ರೈಯರ್ ಎರಡು ಸುತ್ತು ಸುಮ್ಮನೆ ತಿರುಗಿ ನಿಂತಿತು. ಲಾಂಡ್ರಿ ಇಷ್ಟೊಂದು ನಿಶ್ಶಬ್ದವಾಗಿ ಇರಬಲ್ಲದು ಎಂದು ಅಕ್ಕನಿಗೆ ಗೊತ್ತೇ ಇರಲಿಲ್ಲ. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ನಿಂತರು.

ಏನೂ ಕೇಳಿಸಲಿಲ್ಲ.

ಅಮ್ಮ ಅಕ್ಕನ ಭುಜ ಹಿಡಿದಳು. ಹಿಡಿತಕ್ಕೆ ಭುಜ ನೋಯುತ್ತಿತ್ತು.

ಆಗ ಮೂಟೆಗಳ ಅಡಿಯಿಂದ, ಎಷ್ಟೋ ಬಟ್ಟೆಗಳನ್ನು ದಾಟಿ, ಒಂದು ಸಣ್ಣ ದನಿ ಬಂತು. “ಅಕ್ಕಾ… ಸೂರ್ಯ ಆರಿದ್ನಾ?”

“ಆರಿದ ಕಣೋ! ಆರಿದ!”

ಮೂಟೆ ಮಾಮ ಒಂದೊಂದು ಮೂಟೆಯನ್ನೂ ಹುಲ್ಲಿನ ಕಟ್ಟಿನಂತೆ ಎತ್ತಿ ಎಸೆದ. ಅಮ್ಮ ಫೋನಿನ ಟಾರ್ಚ್ ಹಿಡಿದಳು. ಎಲ್ಲದರ ಕೆಳಗೆ, ಮೂಲೆಯಲ್ಲಿ, ತೂತು ತೂತಿನ ಪ್ಲಾಸ್ಟಿಕ್ ಬಟ್ಟೆಬುಟ್ಟಿ ಇತ್ತು. ಅದರೊಳಗೆ ಟವೆಲ್ಲುಗಳ ನಡುವೆ ಬಟಾಣಿ ಮುದುಡಿ ಕೂತಿದ್ದ. ಮೈಯೆಲ್ಲ ಬೆವರು, ಮುಖ ಟೊಮೇಟೊ ಹಣ್ಣಿನಂತೆ ಕೆಂಪಾಗಿತ್ತು. ಬುಟ್ಟಿಯ ಒಂದು ತೂತಿನಿಂದ, ಮೂಟೆಗಳ ಸಂದಿಯಲ್ಲಿ ಕಾಣುತ್ತಿದ್ದ ದೀಪವನ್ನೇ ನೋಡುತ್ತಿದ್ದನಂತೆ.

ಅಪ್ಪ ಅವನನ್ನು ಎತ್ತಿ ಎದೆಗೆ ಒತ್ತಿಕೊಂಡರು. ಬಟಾಣಿ ಅಪ್ಪನ ಹೆಗಲ ಮೇಲಿಂದ ಅಕ್ಕನನ್ನು ಹುಡುಕಿದ.

“ಅಕ್ಕಾ, ದೊಡ್ಡ ಬೂಟಿನವ್ನು ಗಡಿ ದಾಟಿದ. ನಾನು ಅಡಗಿಕೊಂಡೆ,” ಎಂದ. ಅವನ ದನಿ ಒಣಗಿತ್ತು, ಆದರೂ ಜಂಬ ಕಡಿಮೆಯಿರಲಿಲ್ಲ. “ಆಮೇಲೆ ದನಿಗಳ್ಳರು ಬಂದ್ರು. ಅಮ್ಮನ್ ದನಿ ಕದ್ದಿದ್ರು. ಅಮ್ಮನ್ ಥರಾನೇ ಅತ್ರು. ನಂಗೂ ಅಳು ಬಂತು. ಟವೆಲ್ ಕಚ್ಕೊಂಡೆ. ಒಂದ್ಸಲಾನೂ ಓ ಅನ್ಲಿಲ್ಲ, ಅಲ್ವಾ?”

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದಳು.

 ಬಟಾಣಿಯ ಕೈಯಲ್ಲಿದ್ದ ಟವೆಲ್ಲಿನ ತುದಿ ನೆನೆದು ಮುದ್ದೆಯಾಗಿತ್ತು. ಅದರ ಮೇಲೆ ಸಣ್ಣ ಹಲ್ಲಿನ ಗುರುತುಗಳಿದ್ದವು. ಅಪ್ಪ ಈಗಲೇ ನಾಲ್ಕು ಬಾರಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅಕ್ಕನಿಗೆ.

“ನಾಳೆಯಿಂದ ಪ್ರೆಸ್ ಹಿಂದೆ ಯಾರೂ ಹೋಗೋ ಹಾಗಿಲ್ಲ,” ಎಂದಷ್ಟೇ ಅಪ್ಪ ಹೇಳಿದರು. ಬಟಾಣಿಯನ್ನು ಬೆಂಚಿನ ಮೇಲೆ ಕೂರಿಸಿ ಹೋಗಿ ಮೇನ್ ಸ್ವಿಚ್ ಮೇಲೆತ್ತಿದರು. 

ಟ್ಯೂಬ್‌ಲೈಟುಗಳು ಮಿಣುಕಿ ಹತ್ತಿಕೊಂಡವು. ಗೋಡೆಯ ಮೇಲೆ ಕೆಂಪು ದೀಪ ಬಂತು.

“ಬಟಾಣೀ,” ನೀರಿನ ಲೋಟ ತುಂಬಿಸುತ್ತ ಅಮ್ಮ ಕೌಂಟರಿನಿಂದ ಕರೆದಳು. “ನೀರು ಸಾಕಾ? ಸಕ್ಕರೆ ಹಾಕ್ಲಾ?”

 ಬಟಾಣಿಯ ಕಣ್ಣು ದೀಪದ ಮೇಲಿತ್ತು. ಎರಡೂ ಕೈಗಳಿಂದ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದ.

“ಬಟಾಣಿ?”

ಅವನು ಅಕ್ಕನ ಮುಖ ನೋಡಿದ. ಏನು ಮಾಡಲಿ ಎಂದು ಆ ಕಣ್ಣುಗಳು ಕೇಳುತ್ತಿದ್ದವು. ಇಡೀ ಸಂಜೆ ಅಕ್ಕ ಬಹಳ ಹೆದರಿದ್ದಳು. ಈಗಿನ ಹೆದರಿಕೆ ಬೇರೆ. ತಮ್ಮ ಕಳೆದುಹೋಗಿಲ್ಲ, ಎದುರಿಗೇ ಕೂತಿದ್ದಾನೆ. ಆದರೂ ತನ್ನ ಅಮ್ಮನಿಗೆ ಉತ್ತರ ಕೊಡಲು ಅವನಿಗೆ ಅವಳ ಅಪ್ಪಣೆ ಬೇಕು.

“ಓ ಅನ್ನೋ,” ಎಂದಳು ಅಕ್ಕ ಅವಸರವಾಗಿ.

ಅವನು ತಟ್ಟನೆ ಕೈ ತೆಗೆದು ಬಾಯಿ ತೆರೆದ. ಅವಳು ಹೇಳಿದ್ದೇ ತಡ, ಹಾಗೆ ತೆರೆದ.  ಇದೂ ಅಪ್ಪಣೆಯೇ ಆಯಿತಲ್ಲ ಎಂದುಕೊಂಡಳು ಅಕ್ಕ.

“ಬೇಡ, ಇರು,” ಎಂದಳು. ಅವನು ಮತ್ತೆ ಬಾಯಿ ಮುಚ್ಚಿದ.

ಅಕ್ಕ ತಲೆಯ ಮೇಲೆ ಕೈಯಾಡಿಸಿ ನೋಡಿಕೊಂಡಳು. ಕಿರೀಟ ಅಲ್ಲಿರಲಿಲ್ಲ, ಆಗಲೇ ಎಲ್ಲೋ ಬಿದ್ದುಹೋಗಿತ್ತು. ಅವಳು ಅವನ ಪಕ್ಕ ಬೆಂಚಿನ ಮೇಲೆ ಕೂತಳು. ಇನ್ನು ಅಪ್ಪಣೆ ಕೊಡಬಾರದು. ಅವನು ಅವಳ ಮುಖ ನೋಡಿದಾಗ ಅವಳು ತನ್ನ ಕಾಲ್ಬೆರಳುಗಳನ್ನು ನೋಡುತ್ತ ಕೂತಳು. ಸೋಪಿನ ಪುಡಿ ಮೆತ್ತಿದ್ದ ಬೆರಳುಗಳು.

“ಬಟಾಣೀ, ನಿನ್ನೇ ಕೇಳ್ತಿರೋದು ಕಂದಾ.”

ಬಟಾಣಿ ದೀಪ ನೋಡಿದ. ಅಕ್ಕನನ್ನು ನೋಡಿದ. ಆಮೇಲೆ ಕೌಂಟರಿನ ಹತ್ತಿರ ಲೋಟ ಹಿಡಿದು ಕಾಯುತ್ತಿದ್ದ ಅಮ್ಮನನ್ನು ಬಹಳ ಹೊತ್ತು ನೋಡಿದ. ಬಾಯಿಯ ಮೇಲಿನ ಕೈ ಒಂದೊಂದೇ ಬೆರಳಾಗಿ ಸಡಿಲವಾಯಿತು. ಅಕ್ಕ ಕಣ್ಣು ಮುಚ್ಚಿಕೊಂಡು ಕಾದಳು.

“ಓ,” ಎಂದ ಬಟಾಣಿ.