ಹನ್ನೆರಡು ಹಂತಿ ಪದ

ಕ್ಯಾಸೆಟ್ಟಿನ ಹೊದಿಕೆಗೆಂದು ಅಚ್ಚಾಗಿ ಬಂದ ಕಾಗದದ ಮೇಲೆ ಒಂದೇ ಹೆಸರಿತ್ತು: ‘ಖಂಡಪ್ಪನ ಆಯ್ದ ಹನ್ನೆರಡು ಹಂತಿ ಪದಗಳು’. ಅಮಾತೆಪ್ಪ ತಿರುವಿ ಹಿಂಬದಿಯನ್ನೂ ನೋಡಿದ. ಇಪ್ಪತ್ತಾರು ವರ್ಷ ಕಣದಲ್ಲಿ ತೆನೆ ತುಳಿಯುವ ಹಂತಿಯ ಎತ್ತುಗಳ ಹಿಂದೆ ಸುತ್ತುತ್ತ ಖಂಡಪ್ಪ ಒಂದು ಸಾಲು ಹಾಡಿದರೆ ಮುಂದಿನದನ್ನು ಎತ್ತಿಕೊಂಡವನು ಅವನು.

“ನನ್ನ ಹೆಸರು ಎಲ್ಲೈತಿ?”

“ಕಾಗದ ಸಣ್ಣದು ಕಾಕಾ, ಜಾಗ ಆಗ್ಲಿಲ್ರಿ,” ಅಂದ ಶಹಾಪುರದ ಕ್ಯಾಸೆಟ್ ಅಂಗಡಿಯ ಮೈನುದ್ದೀನ.

ಪಕ್ಕದಲ್ಲಿ ಕೂತಿದ್ದ ಖಂಡಪ್ಪ ತಲೆ ತಗ್ಗಿಸಿದ. ಗಂಟಲ ಆಪರೇಷನ್ ಆದ ಮೇಲೆ ಅವನಿಗೆ ದನಿಯಿರಲಿಲ್ಲ. ಕೈಸನ್ನೆಯಾದರೂ ಮಾಡಬಹುದಿತ್ತು. ಮಾಡಲಿಲ್ಲ.

ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದ ಮೇಲೆ ಸುರಪುರದ ಸುತ್ತ ಹಂತಿ ಕಟ್ಟುವವರೇ ಇರಲಿಲ್ಲ. ಪದಗಳು ಉಳಿದದ್ದು ಆ ಒಂದು ಕ್ಯಾಸೆಟ್ಟಿನಲ್ಲಿ. ಖಂಡಪ್ಪನಿಗೆ ದನಿಯಿದ್ದಾಗ ತುಂಬಿಕೊಂಡಿದ್ದ ಹಳೆಯ ಕ್ಯಾಸೆಟ್ಟುಗಳಿಂದ ಈ ಹನ್ನೆರಡನ್ನು ಆಯ್ದ ಮೇಲೆ, ಅವುಗಳ ಮೇಲೆ ಮೈನುದ್ದೀನ ಆಗಲೇ ಬೇರೆ ಹಾಡು ತುಂಬಿದ್ದ. ಪ್ರತಿ ತೆಗೆಯುವ ಮೊದಲು ಕೇಳಿ ನೋಡಲೆಂದು ಆ ಕ್ಯಾಸೆಟ್ಟನ್ನೂ ಮೈಕ್ ಸಿಕ್ಕಿಸಿದ್ದ ಒಂದು ಟೇಪ್ ರೆಕಾರ್ಡರನ್ನೂ ಖಂಡಪ್ಪನ ಮನೆಯಲ್ಲಿ ಬಿಟ್ಟುಹೋದ.

ಗುರುವಾರ ಖಂಡಪ್ಪ ಹೆಂಡತಿ ತಿಮ್ಮವ್ವನೊಡನೆ ಸುರಪುರದ ದವಾಖಾನೆಗೆ ಹೊರಟ. ಅಮಾತೆಪ್ಪನಿಗೆ ಬೀಗದ ಕೈ ಕೊಡುತ್ತ ಅವಳು ಅಂದಳು: “ಎಮ್ಮಿಗಿ ನೀರು ಕುಡಸಪ್ಪ. ನೀ ಇದ್ದೀ ಅಂತ ನಮಗ ನಿಶ್ಚಿಂತಿ.”

ಆ ಮಾತು ಎದೆಯಲ್ಲಿ ಸಿಕ್ಕಿಕೊಂಡಿತು. ಆದರೂ ಅವರು ಹೋದ ಮೇಲೆ ಅಮಾತೆಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹಾಡು ಅಳಿಸುವುದನ್ನು ಅವನು ಮೈನುದ್ದೀನನ ಅಂಗಡಿಯಲ್ಲಿ ನೋಡಿದ್ದ: ಮೈಕಿನ ತಂತಿ ಕಿತ್ತು, ಎರಡು ಗುಂಡಿ ಒಟ್ಟಿಗೆ ಒತ್ತುವುದು. ಮೈಕಿಲ್ಲದ ಮಷಿನ್ನಿಗೆ ಕಿವಿಯಿಲ್ಲ. ಟೇಪು ಖಾಲಿಯಾಗುತ್ತದೆ, ತಪ್ಪು ಹಳೆಯ ಮಷಿನ್ನಿನದಾಗುತ್ತದೆ, ಇಲ್ಲವೇ ಹೊತ್ತಿಗೊಂದು ಥರ ಬರುವ ಕರೆಂಟಿನದು.

ತಂತಿ ಕಿತ್ತು ಎರಡೂ ಗುಂಡಿ ಒತ್ತಿದ. ಚಕ್ರಗಳು ಸದ್ದಿಲ್ಲದೆ ತಿರುಗಿದವು.

ಯಾವ ಪದ ಎಷ್ಟು ಹೊತ್ತಿನದೆಂದು ಅವನ ಮೈಗೇ ಗೊತ್ತಿತ್ತು. ಇದೀಗ ಎರಡನೆಯದು ಹೋಯಿತು. ಮೂರನೆಯದು ಅಳಿಯುವಾಗ ಗಂಟಲು ತಾನಾಗಿ ಬಿಚ್ಚಿಕೊಂಡಿತು. ಖಂಡಪ್ಪನ ಸಾಲಿನಷ್ಟು ಹೊತ್ತು ಸುಮ್ಮನಿದ್ದು ತನ್ನ ಸಾಲನ್ನು ಮೆಲ್ಲಗೆ ಹಾಡಿದ. ಕೇಳುವವರು ಯಾರಿದ್ದರು? ಐದನೆಯದಕ್ಕೆ ಕಣ್ಣು ಮಂಜಾದವು. ಈ ಪದಗಳನ್ನು ಖಂಡಪ್ಪ ಇನ್ನೊಮ್ಮೆ ಹಾಡಲಾರ. ನಿಲ್ಲಿಸಲು ಕೈ ಚಾಚಿದ. ಅರ್ಧ ಉಳಿಸಿದರೆ ಅನುಮಾನ ಬರುತ್ತದೆಂದು ಹಿಂದೆ ತೆಗೆದುಕೊಂಡ. ಮಗ್ಗುಲು ಬದಲಿಸಿ ಹಾಕಿ, ಹನ್ನೆರಡೂ ಮುಗಿಯುವತನಕ ಅಲ್ಲೇ ಕೂತು ಹಾಡಿದ, ಮಣ್ಣು ಕೊಡಲು ಬಂದವನಂತೆ.

ಆಮೇಲೆ ತಂತಿ ಮೊದಲಿನಂತೆ ಸಿಕ್ಕಿಸಿ, ಎಮ್ಮೆಗೆ ನೀರು ಕುಡಿಸಿದ. ಮೂರು ದಿನ ಅವನಿಗೆ ಊಟ ಸೇರಲಿಲ್ಲ.

ಭಾನುವಾರ ಮೈನುದ್ದೀನ ಬಂದು ಗುಂಡಿ ಒತ್ತಿದ. ಅಮಾತೆಪ್ಪ ಬೆರಗಿನ ಮುಖ ಮಾಡಿಕೊಂಡು ಕೂತಿದ್ದ. ಮೊದಲು ಏನೂ ಇಲ್ಲ. ಬಳಿಕ ಟೇಪಿನೊಳಗೆ, ಹಿತ್ತಲಲ್ಲಿ ಎಮ್ಮೆ ಕೂಗಿದ ಸದ್ದು. ಆಮೇಲೆ ಅಮಾತೆಪ್ಪನ ದನಿ ಬಂತು, ಒಂಟಿಯಾಗಿ, ಸಾಲು ಬಿಟ್ಟು ಸಾಲು. ನಡುವಿನ ಖಾಲಿ ಜಾಗಗಳಲ್ಲಿ ಖಂಡಪ್ಪನ ತುಟಿಗಳು ಅಲುಗುತ್ತಿದ್ದವು. ಅವನು ಅಮಾತೆಪ್ಪನನ್ನೇ ನೋಡುತ್ತಿದ್ದ. ಮೈನುದ್ದೀನ ಮಷಿನ್ನಿನ ಮೂಲೆಯಲ್ಲಿದ್ದ ಎಳ್ಳುಕಾಳಿನಷ್ಟು ತೂತಿನ ಮೇಲೆ ಬೆರಳಿಟ್ಟ. “ಇದು ನನ್ನ ಅಂಗಡ್ಯಾಗಿನ ಮಷಿನ್ ಅಲ್ರಿ ಕಾಕಾ,” ಅಂದ ಮೆಲ್ಲಗೆ. “ಇದರ ಒಳಗ ಇನ್ನೊಂದು ಮೈಕ್ ಐತಿ. ಹೊರಗಿನ ತಂತಿ ಕಿತ್ತರ ಅದು ತಾನ ಚಾಲೂ ಆಗ್ತದ.”