ಹನ್ನೊಂದು ಸೆಕೆಂಡ್ ಜಾಸ್ತಿ

ಅಕ್ಕ ತೀರಿಕೊಂಡ ಎಂಟು ತಿಂಗಳಿಗೆ ಭಾವ ತಮ್ಮ ಮಗಳ ಮೊದಲ ಹುಟ್ಟುಹಬ್ಬದ ವಿಡಿಯೋ ತಂದುಕೊಟ್ಟರು. "ನಿನ್ನಕ್ಕ ಇರೋ ಕಡೆಯೆಲ್ಲ ಕತ್ತರಿಸಿಬಿಡು. ಮನೆಗೆ ಹೊಸಬಳು ಬರ್ತಿದ್ದಾಳೆ, ಮಗು ಇದನ್ನೇ ನೋಡ್ತಾ ಕೂತ್ರೆ ಕಷ್ಟ" ಅಂದರು. ಮನಸ್ಸಿಲ್ಲದಿದ್ದರೂ ಹೂಂ ಅಂದೆ. ಮದುವೆ ವಿಡಿಯೋ ಎಡಿಟ್ ಮಾಡಿ ಹೊಟ್ಟೆ ಹೊರೆಯೋ ನನಗೆ ಅದೇನು ದೊಡ್ಡ ಕೆಲಸ?

ಕತ್ತರಿಸಿ, ಹೊಸ ಫೈಲಾಗಿ ತೆಗೆಯಲು ಎಕ್ಸ್‌ಪೋರ್ಟ್‌ಗೆ ಹಾಕಿದರೆ ಎಪ್ಪತ್ತೊಂದು ಪರ್ಸೆಂಟಿಗೆ ನಿಂತುಬಿಡುತ್ತಿತ್ತು. ಕಂಪ್ಯೂಟರಿಗೆ ಬಾಯಿಗೆ ಬಂದ ಹಾಗೆ ಬೈದು ಫಾರ್ಮ್ಯಾಟ್ ಬದಲಿಸಿದೆ. ಆಗ ಮುಗಿಯಿತು, ಆದರೆ ಫೈಲು ನಾನು ಕತ್ತರಿಸಿಟ್ಟಿದ್ದಕ್ಕಿಂತ ಹನ್ನೊಂದು ಸೆಕೆಂಡ್ ಜಾಸ್ತಿ ಬಂತು. ಕೊನೆಗೆ ಬರೀ ಕಪ್ಪು ಪರದೆ. ಅದರ ಹಿಂದೆ, ಮುಚ್ಚಿದ ಕೋಣೆಯ ಒಳಗಿನಿಂದ ಯಾರೋ ಬಾಗಿಲು ಬಡಿದ ಹಾಗೆ ಸದ್ದು. ನಿಧಾನವಾಗಿ, ಆರು ಸಲ.

ಆಡಿಯೋ ಟ್ರ್ಯಾಕನ್ನೇ ಕಿತ್ತುಹಾಕಿ ಮತ್ತೆ ಮಾಡಿದೆ. ಧ್ವನಿಯೇ ಇಲ್ಲದ ಫೈಲಿನಲ್ಲೂ ಅದೇ ಆರು ಬಡಿತ. ಮಟಮಟ ಮಧ್ಯಾಹ್ನ, ಬೆಳಗಿನಿಂದ ಕೆಂಡದ ಹಾಗೆ ಕಾದಿದ್ದ ಕಂಪ್ಯೂಟರು ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು.

ಅಕ್ಕ ನಿದ್ದೆಯಲ್ಲೇ ಹೋದಳು ಅಂತ ಭಾವ ಹೇಳಿದ್ದರು. ನಾವೆಲ್ಲ ಕಣ್ಣು ಮುಚ್ಚಿಕೊಂಡು ನಂಬಿದ್ದೆವು. ಅವತ್ತು ಅವರನ್ನು ತಬ್ಬಿ ಸಮಾಧಾನ ಮಾಡಿದ್ದೂ ನಾನೇ.

ಫೋನ್ ಮಾಡಿ, "ಭಾವ, ಎಕ್ಸ್‌ಪೋರ್ಟ್ ಸರಿಯಾಗಿ ಆಗ್ತಿಲ್ಲ, ಏನೋ ತೊಂದರೆ ಇದೆ" ಅಂದೆ, ಅಷ್ಟೇ. ಸದ್ದಿನ ಮಾತು ಎತ್ತಲೇ ಇಲ್ಲ.

ಭಾವ ಮೆಲ್ಲಗೆ ಕೇಳಿದರು:

"ಅಲ್ಲೂ ಆರೇ ಸಲ ಬಡಿದಳಾ?"