ಹೆಸ್ಟರಳ ನೀಲಿ ಬಟ್ಟಲು

ಶನಿವಾರ ಓಕ್ ಮರದ ಬುಡದಲ್ಲಿದ್ದ ಹೆಸ್ಟರಳ ಗೋರಿ ಸೋಮವಾರ ಬೆಳಿಗ್ಗೆ ಬೇಲಿಯಾಚೆ ಇತ್ತು.

ಕಲ್ಲು, ಸುತ್ತಲಿನ ಕಪ್ಪೆಚಿಪ್ಪುಗಳು, ನೀಲಿ ಬಟ್ಟಲು—ಎಲ್ಲವೂ ಎಪ್ಪತ್ತು ಹೆಜ್ಜೆ ದೂರ, ಜೌಗಿನ ಅಂಚಿನಲ್ಲಿ. ಓಕ್ ಕೆಳಗೆ ಹೊಸ ಹುಲ್ಲು. ಗುರುತುಗಳು ಸರಿದಿದ್ದವು, ಮಣ್ಣಿನೊಳಗಿನ ಹೆಸ್ಟರ್ ಓಕ್ ಕೆಳಗೇ ಇದ್ದಳು. ಅಲ್ಲೇ ಮದುವೆ ಮಂಟಪಕ್ಕೆ ಗುಂಡಿ ತೋಡುವ ಯಂತ್ರ ಹನ್ನೆರಡಕ್ಕೆ ಬರಲಿತ್ತು.

"ನನ್ನ ಮುತ್ತಜ್ಜಿ ಹೆಸ್ಟರ್ ಈ ದೊಡ್ಡ ಮನೆಗೆ ಗುಲಾಮಳಾಗಿ ಭತ್ತ ಕುಟ್ಟಿ ಸತ್ತಳು," ಎಂದಳು ಎಂಬತ್ತರ ಯೂಲಾ. "ಈಗ ಅವಳ ಎದೆ ಮೇಲೆ ಕಂಬ ನೆಡ್ತಾರಾ? ನಾನು ಬಿಡಲ್ಲ."

ಪತ್ತೇದಾರಿಣಿ ಲಿಯೋಲಾ ಗಡಿಯಾರ ನೋಡಿದಳು. ಹನ್ನೊಂದೂವರೆ.

ಮನೆಯ ಮೇಲ್ವಿಚಾರಕ ಹೇಗುಡ್ ಕೈಕಟ್ಟಿ ನಿಂತಿದ್ದ. ಹಳೆಯ ಪಿಂಗಾಣಿಯಿಂದ ಬಾಗಿಲ ಹಿಡಿಕೆಯವರೆಗೆ ಆ ಮನೆಯ ಎಲ್ಲವನ್ನೂ ರಿಪೇರಿ ಮಾಡಿ ಉಳಿಸಿದವನು ಅವನೇ.

"ನಾನು ಆ ಕಡೆ ಹೋಗೇ ಇಲ್ಲ. ಗಾಡಿ, ಸಲಿಕೆ ಎಲ್ಲ ರೂಫಸ್ ಕೈಲಿರೋದು. ಅವನನ್ನ ಕೇಳಿ."

ತೋಟಗಾರ ರೂಫಸ್ ಟೋಪಿ ತೆಗೆದ. "ನಿನ್ನೆ ಚರ್ಚು, ಆಮೇಲೆ ಅತ್ತೆ ಮನೇಲಿ ಊಟ. ಗಾಡಿ ಕೀಲಿ ಮೊಳೆಗೆ ನೇತಾಡ್ತಿರುತ್ತೆ, ಯಾರು ಬೇಕಾದ್ರೂ ತಗೋಬಹುದು."

"ಅವನು ಸೋಮಾರಿ ಕಣಮ್ಮಾ," ಎಂದಳು ಯೂಲಾ. "ಸೋಮವಾರವೇ ಸಲಿಕೆ ಹಿಡಿಯಲ್ಲ, ಭಾನುವಾರ ಹಿಡೀತಾನಾ?"

ಲಿಯೋಲಾ ಕುಕ್ಕರಗಾಲಲ್ಲಿ ಕೂತು ಬಟ್ಟಲನ್ನು ಬಿಸಿಲಿಗೆ ಹಿಡಿದಳು. ಒಳಬದಿಯನ್ನು ಬೆರಳಿನಿಂದ ಸವರಿದಳು.

"ಅಜ್ಜಿ, ಇದನ್ನ ಇಟ್ಟೋರು ಯಾರು?"

"ನಮ್ಮಜ್ಜಿ. ಹೆಸ್ಟರ್ ಕೊನೇ ಗುಟುಕು ನೀರು ಕುಡಿದದ್ದು ಅದರಲ್ಲೇ."

"ಹೇಗೆ ಇಟ್ಟಿದ್ರು?"

"ಹೇಗೆ ಅಂದ್ರೆ? ನಾವೆಲ್ಲ ಇಡೋ ಹಾಗೆ. ಒಡೆದು."

ಹೇಗುಡ್‌ನ ಕೈಗಳು ಸಡಿಲವಾದವು.

"ಗೋರಿ ಮೇಲಿನ ಪಾತ್ರೆ ಒಡೆದೇ ಇಡಬೇಕು," ಲಿಯೋಲಾ ಅವನತ್ತ ತಿರುಗಿದಳು. "ಒಂದರ ಹಿಂದೊಂದು ಬರೋ ಸಾವಿನ ಸರಪಳಿ ಅಲ್ಲಿಗೇ ಮುರೀಲಿ ಅಂತ. ರೂಫಸ್‌ಗೂ ಇದು ಗೊತ್ತು; ಅವನು ಸರಿಸಿದ್ರೆ ಚೂರುಗಳನ್ನ ಚೂರಾಗೇ ಇಡ್ತಿದ್ದ. ಇದಕ್ಕೆ ಯಾರೋ ಅಂಟು ಹಾಕಿದ್ದಾರೆ—ಎಷ್ಟು ಅಚ್ಚುಕಟ್ಟಾಗಿ ಅಂದ್ರೆ ಹೊರಗಿಂದ ಗೆರೆಯೇ ಕಾಣಲ್ಲ. ಒಡೆದದ್ದು ಕಂಡ್ರೆ ಸುಮ್ಮನಿರದ ಕೈ ಈ ಮನೇಲಿ ಒಂದೇ, ಹೇಗುಡ್. ನಿಮ್ಮದು."

ಹೇಗುಡ್ ಕೈಚಾಚಿ ಬಟ್ಟಲಿನ ಅಂಚು ಮುಟ್ಟಿದ.

"ಸಾಗಿಸುವಾಗ ನಾನೇ ಒಡೆದೆ ಅಂದ್ಕೊಂಡೆ," ಎಂದ.

ಗೇಟಿನ ಬಳಿ ಯಂತ್ರದ ಸದ್ದು. ಲಿಯೋಲಾ ಕೈಯೆತ್ತಿ ನಡೆದಳು; ಸದ್ದು ನಿಂತಿತು. ಮರಳಿ ಬಂದು ಸಾಕ್ಷಿಗೆ ಬಟ್ಟಲಿನ ಫೋಟೋ ತೆಗೆದು, ಬಟ್ಟಲನ್ನು ಯೂಲಾಳ ಕೈಗಿತ್ತಳು.

ಮುದುಕಿ ಓಕ್ ಮರದಡಿಗೆ ನಡೆದು, ಹೊಸ ಹುಲ್ಲನ್ನು ಕಾಲಿಂದ ಸರಿಸಿ, ಬಟ್ಟಲನ್ನು ಬೇರಿಗೆ ಒಂದೇ ಏಟು ಕುಟ್ಟಿದಳು.